ಉಗಾಂಡದ ಮುಯ್ಯಾಳು

ಕಾರ್ತಿಕ ಕಳೆಯುತ್ತ ಬಂದಿತ್ತು. ಚನ್ನರಾಯಪಟ್ಟಣದ ಹೊಲದಲ್ಲಿ ರಾಗಿ ಬಲಿತು ನಿಂತಿದ್ದರೆ, ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಕದಿರಮ್ಮ ಬೆಳಗಿನಿಂದ ಬಗ್ಗಿಸಿದ ಸೊಂಟ ಎತ್ತಿರಲಿಲ್ಲ. ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ ಬರಬೇಕಿದ್ದ ಮುಯ್ಯಾಳು ಜ್ವರ ಬಂದು ಮಲಗಿದ್ದಳು. ಮಳೆ ಬಿದ್ದರೆ ತೆನೆ ನಿಂತಲ್ಲೇ ಮೊಳೆಯುತ್ತದೆ.

ಅಂಥ ಹೊತ್ತಿನಲ್ಲೇ ಸೊಸೆ ಅಕ್ಷತ ಅತಿಥಿಯೊಬ್ಬಳನ್ನು ಬದುವಿಗೆ ಕರೆತಂದಳು. ಹೆಸರು ನಕಾಟೊ, ಉಗಾಂಡದವಳು. ಆಫ್ರಿಕಾದ ನಾಲ್ಕಾರು ದೇಶಗಳಲ್ಲಿ ಮಾನವ ಹಕ್ಕುಗಳಿಗಾಗಿ ದುಡಿಯುವ ಸಂಘದವಳು. ಅವಳ ಊರಿನ ಹೊಲಗಳ ಮೇಲೂ ಕಬ್ಬಿನ ಕಂಪನಿಯೊಂದು ಕಣ್ಣು ಹಾಕಿತ್ತು. ಸರ್ಕಾರ ಕೈಗಾರಿಕೆಗೆ ಕೇಳಿದ ಭೂಮಿ ಬಿಡೆವೆಂದು ಇಲ್ಲಿಯವರು ವರ್ಷಗಟ್ಟಲೆ ಹೇಗೆ ಧರಣಿ ಕೂತರೆಂದು ಕೇಳಲು ಬಂದಿದ್ದಳು.

"ಮಾತಿಗೆ ಈಗ ಪುರುಸೊತ್ತಿಲ್ಲ ಕಣೇ. ಮೋಡ ನೋಡು," ಎಂದಳು ಕದಿರಮ್ಮ.

ನಕಾಟೊ ಮೋಡ ನೋಡಿದಳು. ಚಪ್ಪಲಿ ಬಿಟ್ಟು, ಬದುವಿನ ಮೇಲಿದ್ದ ಕುಡುಗೋಲು ಎತ್ತಿಕೊಂಡು ಹೊಲಕ್ಕಿಳಿದೇಬಿಟ್ಟಳು. ಆದರೆ ಬುಡಕ್ಕೆ ಹಾಕದೆ ಬರೀ ತೆನೆ ಮುರಿದು ಮಡಿಲಿಗೆ ತುಂಬತೊಡಗಿದಳು.

"ಅಯ್ಯೋ ನಿನ್ ಕೈ ಮುರಿಯ! ಹುಲ್ಲು ನಿಲ್ಲಿಸ್ಬಿಟ್ರೆ ದನ ಏನವ್ವಾ ತಿನ್ನೋದು?"

"ಅವರೂರಲ್ಲಿ ಹಿಂಗೇ ಕುಯ್ಯೋದಂತೆ ಅತ್ತೆ. ಬೇಗ ಆಗುತ್ತಂತೆ."

ಕದಿರಮ್ಮ ಮತ್ತೊಮ್ಮೆ ಮೂಡಲ ಕಡೆ ನೋಡಿದಳು. ಹುಲ್ಲು ನೆನೆದರೆ ಒಣಗೀತು. ತೆನೆ ನೆನೆದರೆ ಹೋಯಿತು. ತಾನೂ ತೆನೆ ಮುರಿಯತೊಡಗಿದಳು. ಸಂಜೆ ಮೊದಲ ಹನಿ ಬೀಳುವಾಗ ಕೊನೆಯ ಮಂಕರಿ ತೆನೆಯೂ ಮನೆಯೊಳಗಿತ್ತು. ಮೂವರೂ ಜಗುಲಿಯಲ್ಲಿ ಕೂತು ಮಳೆ ನೋಡಿ ನಕ್ಕಿದ್ದೇ ನಕ್ಕಿದ್ದು. ಧರಣಿಯ ಕಥೆಯೆಲ್ಲ ಮುದ್ದೆ ಉಣ್ಣುವಾಗ ಆಯಿತು.

ನಕಾಟೊ ಹೊರಡುವಾಗ ಕದಿರಮ್ಮ ಅವಳ ಕೈ ಹಿಡಿದುಕೊಂಡಳು. "ನನ್ನ ಹೊಲದಲ್ಲಿ ನೀನು ದುಡಿದ್ರೆ, ನಿನ್ನ ಹೊಲಕ್ಕೆ ನಾನು ಬರಬೇಕು. ಮುಯ್ಯಿ ಉಳಿಸ್ಕೊಂಡ ಮನೆ ಅಲ್ಲ ನಮ್ದು. ಏನ್ ಮಾಡ್ಲವ್ವಾ, ಅಷ್ಟು ದೂರ?"

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು: ನಕಾಟೊಳ ಊರಿಗೆ ಕಂಪನಿಯವರು ಅಳತೆಗೆ ಬರುತ್ತಾರೆ, ಊರವರೆಲ್ಲ ಹೊಲದಲ್ಲಿ ಕೂರುತ್ತಾರೆ. ಅಳತೆಯ ದಿನ ಬೆಳಗ್ಗೆ ಕದಿರಮ್ಮ ಕೇರಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಅರಳಿಕಟ್ಟೆಯಲ್ಲಿ ಕೂತಳು.

"ಏನ್ ಕದಿರಮ್ಮಕ್ಕ, ಉಗಾಂಡಕ್ಕೂ ಧರಣಿನಾ?" ದಾರಿಯಲ್ಲಿ ಹೋಗುತ್ತಿದ್ದ ಅಂಬರೀಶ್ ಕೆಣಕಿದ.

"ಧರಣಿ ಅಲ್ಲ ಕಣೋ, ಮುಯ್ಯಿ. ನೀನೂ ಕೂತ್ಕೋ, ಗಂಡಸ್ರು ಬರಬಾರ್ದು ಅಂತೇನಿಲ್ಲ."

ಅಕ್ಷತಳ ಫೋನಿನಲ್ಲಿ ಆ ಹೊಲ, ಅವರ ಫೋನಿನಲ್ಲಿ ಈ ಕಟ್ಟೆ. ಇಲ್ಲಿ ಕೈ ಎತ್ತಿದರೆ ಅಲ್ಲೂ ಎತ್ತುತ್ತಿದ್ದರು. ಇಳಿಹೊತ್ತಿಗೆ ಅಳತೆಯವರು ವಾಹನ ತಿರುಗಿಸಿಕೊಂಡು ಹೋದದ್ದು ಪರದೆಯಲ್ಲಿ ಕಂಡಿತು. ಕಟ್ಟೆಯ ಮೇಲೆ ಶಿಳ್ಳೆ ಹೊಡೆದವನು ಅಂಬರೀಶನೇ.

ನಕಾಟೊ ಕುಣಿಯುತ್ತಲೇ ಏನೋ ಕೂಗಿದಳು.

"ನಾನು ಬಂದಿದ್ದು ಒಬ್ಳೇ, ನೀವು ಕೇರಿಗೆ ಕೇರೀನೇ ಬಂದಿದ್ದೀರಿ, ಈಗ ಮುಯ್ಯಿ ನನ್ನ ಮೇಲಿದೆ ಅಂತಾಳೆ, ಅತ್ತೆ," ಎಂದಳು ಅಕ್ಷತ.

"ಇರ್ಲಿ ಬಿಡು ಅನ್ನು," ಎಂದಳು ಕದಿರಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಬರೋ ಕಾರ್ತಿಕಕ್ಕೆ ಬಂದು ತೀರಿಸ್ಲಿ. ಹುಲ್ಲು ಕುಯ್ಯೋದು ನಾನು ಕಲಿಸ್ತೀನಿ."