ಹಿಂದಿನ ಸೀಟಿನ ಕಿವಿ

ಹೊಸ ಹಾಡು ಜನರೆದುರು ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವುದಕ್ಕೆ ಚಿಲಿ ದೇಶದ ವಾಲ್ಪರೈಸೊದಲ್ಲಿ ಪತ್ರಿಕೆಯವರು ಬೇಕಾಗಿಲ್ಲ, ಬಸ್ ಡ್ರೈವರ್ ಸಾಕು. ಗಿಟಾರ್ ಹಿಡಿದು ಬಸ್ ಹತ್ತಬೇಕು, ಡ್ರೈವರನ ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟು ಹಾಡಬೇಕು. ಅವನು ತನ್ನ ರೇಡಿಯೊ ಸಣ್ಣದು ಮಾಡಿದನೋ, ಹಾಡು ನಿಂತಿತು. ಮಾಡಲಿಲ್ಲವೋ, ಮುಂದಿನ ಸ್ಟಾಪಿನಲ್ಲಿ ತೆಪ್ಪಗೆ ಇಳಿದು, ಮನೆಗೆ ಹೋಗಿ ಬೇರೆ ಬರೆಯಬೇಕು. ಅಮಾದೊರ್ ಸಾಲ್ದಿವಿಯಾನ ಮೊದಲ ಆಲ್ಬಮ್ಮಿನ ಹತ್ತೂ ಹಾಡುಗಳು ಹೀಗೆ ಪಾಸಾದವು. ಅದು ಮಿಲಿಟರಿಯವರ ಕಾಲ. ಸರ್ಕಾರವನ್ನು ಕೆಣಕುವ ಹಾಡಿಗೆ ರೇಡಿಯೊ ಸಣ್ಣದು ಮಾಡಬೇಕಾದರೆ ಡ್ರೈವರನಿಗೂ ಗುಂಡಿಗೆ ಬೇಕಿತ್ತು.

ಆಗೆಲ್ಲ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದವಳು ಅವನ ಗೆಳತಿ ನೊಯೆಮಿ. ಹಾಡುವವನಿಗೆ ಜನ ಕಾಣುವುದಿಲ್ಲ, ತನ್ನ ಗಂಟಲಷ್ಟೇ ಕಾಣುತ್ತದೆ. ಯಾರ ಕತ್ತು ತಿರುಗಿತು, ಯಾರು ಬಾಯಲ್ಲಿದ್ದ ಬ್ರೆಡ್ಡು ಅಗಿಯುವುದು ನಿಲ್ಲಿಸಿದರು, ಯಾವ ಸಾಲಿನಲ್ಲಿ ಯಾರು ಆಕಳಿಸಿದರು, ಎಲ್ಲ ಅವಳು ನೋಡಿಟ್ಟುಕೊಳ್ಳುತ್ತಿದ್ದಳು. ಇಳಿದ ಮೇಲೆ ಒಂದೇ ಮಾತು: ‘ನಿಲ್ಲುತ್ತೆ’ ಅಥವಾ ‘ಬೀಳುತ್ತೆ’. ಬೀಳುತ್ತೆ ಅಂದದ್ದನ್ನು ಅಮಾದೊರ್ ಮತ್ತೆ ಹಾಡುತ್ತಿರಲಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೆ ಡ್ರಮ್ಮು ಬಡಿದವನ ಹೆಸರಿತ್ತು, ಚಿತ್ರ ಬರೆದವನ ಹೆಸರಿತ್ತು, ನೊಯೆಮಿಯದು ಇರಲಿಲ್ಲ. ಕಿವಿಯ ಹೆಸರನ್ನು ಯಾರು ಬರೆಯುತ್ತಾರೆ?

ಎಂಬತ್ತಾರರಲ್ಲಿ ಅಮಾದೊರ್ ಎರಡು ವಾರಕ್ಕೆಂದು ಮೆಕ್ಸಿಕೊಗೆ ಹೋದ. ಆ ಎರಡು ವಾರ ಮೂವತ್ತಾರು ವರ್ಷವಾಯಿತು. ಅವನು ದೊಡ್ಡ ಮನುಷ್ಯನಾದ, ಎರಡು ಮದುವೆಯಾದ, ಎರಡನ್ನೂ ಬಿಟ್ಟ. ನೊಯೆಮಿ ಪ್ಲಾಯಾ ಆಂಚಾ ಗುಡ್ಡದ ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದುಕೊಂಡು ಇದ್ದಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ‘ಪುರುಸೊತ್ತಾಗಲಿಲ್ಲ’ ಅನ್ನುತ್ತಿದ್ದಳು.

ಈ ಮೇ ತಿಂಗಳಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅಮಾದೊರ್. ತಲೆಗೆ ಉಣ್ಣೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಹೆಗಲಿಗೆ ಗಿಟಾರ್. ನೊಯೆಮಿಯ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಏನಿದು ವೇಷ? ಬ್ಯಾಂಕು ದೋಚಕ್ಕೆ ಹೊರಟ್ಯಾ?"

"ಗುರುತು ಸಿಗಬಾರದು ಕಣೇ. ಹೊಸ ಆಲ್ಬಮ್ ಆಗಿದೆ. ಪ್ರತಿಭಟನೆ ಹಾಡುಗಳು, ಹನ್ನೊಂದು. ಎರಡೂವರೆ ವರ್ಷದ ಹಿಂದೆ ಇಲ್ಲಿ ಜನ ಬೀದಿಗಿಳಿದ್ರಲ್ಲ, ಆ ಅಕ್ಟೋಬರ್ ಗಲಾಟೆ ಮೇಲೆ. ಮುಂದಿನ ತಿಂಗಳು ಬರುತ್ತೆ. ಕಂಪನಿಯವರು ಅದ್ಭುತ ಅಂತಾರೆ, ನನ್ನ ಮ್ಯಾನೇಜರು ಅಳ್ತಾನೆ. ನಂಗೆ ಯಾರ ಮೇಲೂ ನಂಬಿಕೆ ಇಲ್ಲ. ಬಾ, ಬಸ್ ಹತ್ತೋಣ. ನೀನು ಬೀಳುತ್ತೆ ಅಂದ್ರೆ ಬಿಡುಗಡೆ ಮಾಡಲ್ಲ."

ಮೂವತ್ತಾರು ವರ್ಷದ ಮೇಲೆ ಬಂದವನು ‘ಹೇಗಿದ್ದೀಯ’ ಅಂತಲೂ ಕೇಳಲಿಲ್ಲ. ಅದನ್ನು ನೊಯೆಮಿ ಹೊಟ್ಟೆಗೆ ಹಾಕಿಕೊಂಡಳು. ಅರ್ಧ ಹೊಲಿದ ಲಂಗವನ್ನು ಮಿಷನ್ನಿನಲ್ಲೇ ಬಿಟ್ಟು, ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಅರವತ್ತಾರು ವರ್ಷದ ಹೆಂಗಸು, ಗುಡ್ಡದ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು ಅಂದರೆ ನಂಬಬೇಕು.

ಗುರುತು ಸಿಗಬಾರದು ಅಂತ ಅಷ್ಟೆಲ್ಲ ಪಾಡುಪಟ್ಟವನನ್ನು ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಗುರುತಿಸಲಿಲ್ಲ. ಹತ್ತಿದ ಕೂಡಲೇ ಕಾಲೇಜಿನ ಹುಡುಗಿಯೊಬ್ಬಳು ಎದ್ದು, "ತಾತಾ, ಬನ್ನಿ ಕೂತ್ಕೊಳ್ಳಿ" ಅಂದಳು. ಅಮಾದೊರನ ಮುಖ ನೋಡಬೇಕಿತ್ತು. "ಬೇಡಮ್ಮ, ಹಾಡ್ಬೇಕು" ಅಂದ. "ಅಯ್ಯೋ ಪಾಪ" ಅಂದಳು ಆ ಹುಡುಗಿ.

ಡ್ರೈವರನ ರೇಡಿಯೊದಲ್ಲಿ ಫುಟ್‌ಬಾಲಿನ ಮಾತುಕತೆ ನಡೆಯುತ್ತಿತ್ತು. ಅಮಾದೊರ್ ಕಂಬಕ್ಕೆ ಬೆನ್ನು ಕೊಟ್ಟು ಶುರುಮಾಡಿದ. ಗಂಟಲು ಒರಟಾಗಿತ್ತು, ಆದರೂ ಅವನದೇ ಗಂಟಲು. ಹಿಂದಿನ ಸೀಟಿನಲ್ಲಿ ನೊಯೆಮಿಯ ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡು ತನ್ನ ಕೆಲಸಕ್ಕೆ ಕೂತಳು. ಮೊದಲ ಹಾಡಿಗೆ ಯಾರೂ ತಲೆಯೆತ್ತಲಿಲ್ಲ. ಎರಡನೆಯದಕ್ಕೆ ಒಬ್ಬ ಮುದುಕ ಕಿಟಕಿಯ ಗಾಜು ಎಳೆದು ಮುಚ್ಚಿದ. ಗಾಳಿಗೋ ಏನೋ. ಮೂರನೆಯ ಹಾಡಿನ ನಡುವೆ ಡ್ರೈವರ್ ಕೈ ಚಾಚಿದ. ನೊಯೆಮಿ ಉಸಿರು ಬಿಗಿಹಿಡಿದಳು. ಅವನು ರೇಡಿಯೊ ದೊಡ್ಡದು ಮಾಡಿದ.

ಅಮಾದೊರ್ ಹಿಂದೆ ಬಂದು ಅವಳ ಪಕ್ಕದಲ್ಲಿ ಕುಸಿದು ಕೂತ. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಬೀಳುತ್ತೆ ಅಂದರೆ ಇವನು ಮುಂದಿನ ಸ್ಟಾಪಿನಲ್ಲಿ ಇಳಿದು ಮೆಕ್ಸಿಕೊಗೆ ಹೋಗಿಬಿಡುತ್ತಾನೆ, ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿ ಅನ್ನಿಸಿತು. ಹೋಗದಿರಲಿ ದೇವರೇ ಅಂದುಕೊಂಡಳು.

"ಹೇಳು" ಅಂದ.

"ಚೆನ್ನಾಗಿದೆ."

"ಏನಂದೆ?"

"ಚೆನ್ನಾಗಿದೆ ಅಂದೆ. ಕಿವಿ ಕೇಳಿಸಲ್ವಾ?"

ಅಮಾದೊರ್ ಕಪ್ಪು ಕನ್ನಡಕ ತೆಗೆದ. ಕಣ್ಣಿನ ಕೆಳಗೆ ಚೀಲಗಳು ಇಳಿದಿದ್ದವು. "ಚೆನ್ನಾಗಿದೆ ಅನ್ನೋದು ಆಸ್ಪತ್ರೆಲಿ ಮಲಗಿರೋರಿಗೆ ಹೇಳೋ ಮಾತು ನೊಯೆಮಿ. ನೀನು ನಂಗೆ ಯಾವತ್ತೂ ಹಾಗೆ ಅಂದಿರಲಿಲ್ಲ. ನನ್ನ ಮೇಲೆ ಕನಿಕರ ಪಡೋ ಅಷ್ಟು ಮುದುಕ ಆಗ್ಬಿಟ್ನಾ ನಾನು?"

ಆ ಮಾತಿಗೆ ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಕನಿಕರ ಬೇರೆ ಕೇಡು ನಿಂಗೆ! ನಿಜ ಬೇಕಾ? ತಗೋ. ಬೀಳುತ್ತೆ. ಮೂರಕ್ಕೆ ಮೂರೂ ದಬ್ ಅಂತ ಬೀಳುತ್ತೆ. ‘ಜನ ಜನ’ ಅಂತ ಹತ್ತೊಂಬತ್ತು ಸಲ ಅಂದೆ, ಎಣಿಸಿದೀನಿ. ಆ ಜನಕ್ಕೆ ಒಂದು ಹೆಸರಿಲ್ಲ, ಒಬ್ಬರಿಗೂ ಕಾಲು ನೋವಿಲ್ಲ, ಒಬ್ಬರೂ ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ. ನಮ್ಮ ಪಕ್ಕದ್ಮನೆ ಯಾಸ್ನಾ ಆ ಅಕ್ಟೋಬರಲ್ಲಿ ಪೊಲೀಸ್ರ ಗುಂಡಿಗೆ ಎರಡೂ ಕಣ್ಣು ಕಳ್ಕೊಂಡ್ಲು. ಈಗ ಟೀ ಬಗ್ಗಿಸ್ಕೊಳ್ಳೋವಾಗ ಲೋಟದೊಳಗೆ ಬೆರಳು ಇಟ್ಕೋತಾಳೆ, ಎಲ್ಲಿವರೆಗೂ ಬಂತು ಅಂತ ಗೊತ್ತಾಗಕ್ಕೆ. ದಿನಾ ಬೆರಳು ಸುಟ್ಕೋತಾಳೆ. ಇದು ನಿಂಗೆ ಗೊತ್ತಾ? ಗೊತ್ತಿಲ್ಲ. ನೀನು ಮೆಕ್ಸಿಕೊದಲ್ಲಿ ಸೋಫಾ ಮೇಲೆ ಕೂತು ಟಿ.ವಿ. ನೋಡಿ ಸಿಟ್ಟು ಮಾಡ್ಕೊಂಡಿದೀಯ. ಬಾಡಿಗೆ ಸಿಟ್ಟು ಅದು!"

"ಮೆಲ್ಲಗೆ ಕಣೇ..."

"ಯಾಕೆ ಮೆಲ್ಲಗೆ? ಗುರುತು ಸಿಗುತ್ತಾ? ಎರಡು ವಾರ ಅಂತ ಹೇಳಿ ಹೋದೋನು ನೀನು! ಎರಡು ವಾರ ಆದ್ಮೇಲೆ, ನಾವು ಯಾವಾಗ್ಲೂ ಬಸ್ ಹತ್ತೋ ಹೊತ್ತಿಗೆ, ಮಂಗಳವಾರ ನಾಲ್ಕು ಗಂಟೆಗೆ ಸ್ಟಾಪಲ್ಲಿ ನಿಂತೆ. ಅದರ ಮುಂದಿನ ಮಂಗಳವಾರಾನೂ ನಿಂತೆ. ಎಷ್ಟು ಮಂಗಳವಾರ ಅಂತ ಹೇಳಲ್ಲ, ನಾಚಿಕೆ ಆಗುತ್ತೆ. ಊರಿಗೆಲ್ಲ ನ್ಯಾಯ ಕೇಳೋ ಹಾಡು ಬರೀತೀಯಲ್ಲ, ನಂಗೆ ಒಂದು ಕಾಗದ ಬರೆಯಕ್ಕೆ ಏನಾಗಿತ್ತು ನಿಂಗೆ ರೋಗ?"

ಅಷ್ಟು ಹೇಳಿ ಉಸಿರು ತೆಗೆದುಕೊಳ್ಳುವಾಗ ಬಸ್ಸಿನಲ್ಲಿ ಏನೋ ಕಡಿಮೆಯಾದಂತೆ ಅವಳಿಗನಿಸಿತು. ಫುಟ್‌ಬಾಲಿನವರ ದನಿ ಇರಲಿಲ್ಲ. ಡ್ರೈವರ್ ರೇಡಿಯೊವನ್ನು ಪೂರ್ತಿ ಆರಿಸಿ, ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಕತ್ತುಗಳೆಲ್ಲ ತಿರುಗಿದ್ದವು. ಸೀಟು ಬಿಟ್ಟುಕೊಡಲು ಬಂದಿದ್ದ ಹುಡುಗಿ ಕಿವಿಗೆ ಸಿಕ್ಕಿಸಿದ್ದನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಮುಂದಿನ ಸೀಟಿನ ದಪ್ಪ ಹೆಂಗಸು, "ಆಮೇಲೆ ಏನಾಯ್ತಮ್ಮ? ಬರೆದ್ನಾ?" ಅಂತ ಕೇಳಿದಳು.

"ಇಲ್ಲ" ಅಂದ ಅಮಾದೊರ್. "ಬರೀಲಿಲ್ಲ."

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಗಾಳಿ ಜೋರಾಗಿತ್ತು. ಅಮಾದೊರ್ ಟೋಪಿ ಕೈಗೆ ತೆಗೆದುಕೊಂಡು ಹಿಂಡಿದ. ಆಮೇಲೆ, "ಬಿಡುಗಡೆ ನಿಲ್ಲಿಸ್ತೀನಿ. ಹೊಸದಾಗಿ ಬರೀತೀನಿ, ಇಲ್ಲೇ ಇದ್ದು. ಮುಂದಿನ ಮಂಗಳವಾರ ಬರ್ಲಾ?" ಅಂದ.

"ಬಾ" ಅಂದಳು ನೊಯೆಮಿ. ಇನ್ನೇನು ಅನ್ನುತ್ತಾಳೆ?

ಹೀಗೆ ಶುರುವಾಯಿತು ಅವಳ ಬದುಕಿನ ಒಳ್ಳೆಯ ಚಳಿಗಾಲ; ಆ ದೇಶದಲ್ಲಿ ಚಳಿ ಬೀಳುವುದು ಜೂನ್ ಜುಲೈನಲ್ಲಿ. ಅಮಾದೊರ್ ಬಂದರಿನ ಹತ್ತಿರ ಒಂದು ಕೋಣೆ ಹಿಡಿದ. ದಿನವೆಲ್ಲ ಗುಡ್ಡ ಹತ್ತಿ ಇಳಿದು, ಯಾರ್‍ಯಾರದೋ ಅಡುಗೆಮನೆಯಲ್ಲಿ ಕೂತು, ಮಂಗಳವಾರ ನಾಲ್ಕಕ್ಕೆ ನೊಯೆಮಿಯ ಮನೆಗೆ ಬರುತ್ತಿದ್ದ. ಅವಳು ಬಿಸಿ ಬ್ರೆಡ್ಡು ತಂದು, ಬೆಣ್ಣೆಹಣ್ಣು ಅರೆದು ಉಪ್ಪು ಹಾಕಿಟ್ಟಿರುತ್ತಿದ್ದಳು. ತಿಂದು, ಟೀ ಕುಡಿದು, ಅವನು ಹಾಡುವುದು, ಅವಳು ಲಂಗದ ನೆರಿಗೆ ಹಿಡಿಯುತ್ತ ಕೇಳುವುದು. ಬಸ್ಸಿಗೆ ಆಮೇಲೆ ಹೋಗುತ್ತಿದ್ದರು, ಅವಳು ಒಪ್ಪಿದ ಮೇಲೆ ಮಾತ್ರ. ಮೊದಲ ಮೂರು ವಾರ ಎಲ್ಲವೂ ಬಿದ್ದವು. ನಾಲ್ಕನೆಯ ವಾರ ಒಂದು ನಿಂತಿತು. ಅವತ್ತು ಅವನು ಅವಳನ್ನು ಎತ್ತಿ ತಿರುಗಿಸಲು ಹೋಗಿ ಸೊಂಟ ಹಿಡಿಸಿಕೊಂಡ. "ಮುದುಕಪ್ಪಂಗೆ ಹರೆಯ ಬಂತು" ಅಂತ ಅವಳು ಬಿಸಿನೀರಿನ ಚೀಲ ಇಟ್ಟು ಬೈದಳು.

ಜುಲೈ ಮುಗಿಯುವ ಹೊತ್ತಿಗೆ ಏಳಾದವು. ಆಗಸ್ಟಿನಲ್ಲಿ ಒಂಬತ್ತು. ಒಂದೊಂದು ನಿಂತಾಗಲೂ ನೊಯೆಮಿಗೆ ಖುಷಿಯಾಗುತ್ತಿತ್ತು, ಹಿಂದೆಯೇ ಹತ್ತಕ್ಕೆ ಇನ್ನೆಷ್ಟು ಉಳಿಯಿತೆಂದು ಬೆರಳು ಮಡಿಸಿ ಎಣಿಸುತ್ತಿದ್ದಳು. ಯಾಕೆಂದರೆ ಅಮಾದೊರ್ ಮೊದಲೇ ಹೇಳಿದ್ದ: ಹತ್ತು ಹಾಡು ಆದ ಕೂಡಲೇ ಮೆಕ್ಸಿಕೊಗೆ ಹೋಗಿ ರೆಕಾರ್ಡು ಮಾಡಬೇಕು, ಆಮೇಲೆ ಒಂದು ವರ್ಷ ಊರೂರು ತಿರುಗಬೇಕು. ಹತ್ತನೆಯ ಹಾಡು ಮೂರು ಸಲ ಬಂತು, ಮೂರು ಸಲವೂ ಬಿತ್ತು. ಅದರಲ್ಲಿ ಮೋಸವಿರಲಿಲ್ಲ. ಮೂರೂ ನಿಜವಾಗಿ ಕೆಟ್ಟದಾಗಿದ್ದವು. ಒಂದರಲ್ಲಂತೂ ಸೂರ್ಯೋದಯ ಬಂದಿತ್ತು.

"ಸೂರ್ಯೋದಯಾನೇ ಮಾರಾಯ? ನಿನ್ನ ವಯಸ್ಸಿಗೆ?" ಅಂದಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಹೀಗೇ ಬೀಳುತ್ತಿರಲಿ, ನಗುತ್ತಿರೋಣ ಎಂದು ಅವಳು ಒಳಗೊಳಗೇ ಬೇಡಿಕೊಂಡಿದ್ದಳು.

ಸೆಪ್ಟೆಂಬರಿನ ಮೊದಲ ಮಂಗಳವಾರ ಅಮಾದೊರ್ ಬಂದವನು ಬ್ರೆಡ್ಡು ಮುಟ್ಟಲಿಲ್ಲ. ನಾಲ್ಕು ಭಾನುವಾರ ಜೈಲಿನ ಬಾಗಿಲಲ್ಲಿ, ನೋಡಲು ಬಂದವರ ಸಾಲಿನಲ್ಲಿ ನಿಂತಿದ್ದೆ ಎಂದಷ್ಟೇ ಹೇಳಿ ಗಿಟಾರ್ ತೆಗೆದ.

ಒಬ್ಬ ತಾಯಿಯ ಹಾಡು. ಹೆಸರು ಎದುವಿಜೆಸ್. ಆ ಅಕ್ಟೋಬರಿನಲ್ಲಿ ಒಳಗೆ ಹೋದ ಮಗನಿಗೆ ಅವಳು ಭಾನುವಾರ ಮಾಂಸದ ಕಡುಬು ಮಾಡಿಕೊಂಡು ಹೋಗುತ್ತಾಳೆ. ಬಾಗಿಲಲ್ಲಿ ಕಾವಲಿನವನು ಏನಾದರೂ ಬಚ್ಚಿಟ್ಟಿದ್ದಾಳೋ ಎಂದು ಒಂದೊಂದು ಕಡುಬಿಗೂ ಕಡ್ಡಿ ಚುಚ್ಚಿ ನೋಡುತ್ತಾನೆ. ಎದುವಿಜೆಸ್ ಜಗಳವಾಡುವುದಿಲ್ಲ. ಪಕ್ಕಕ್ಕೆ ಸರಿದು, ಹೆಬ್ಬೆರಳನ್ನು ಎಂಜಲು ಮಾಡಿಕೊಂಡು, ಒಂದೊಂದೇ ತೂತನ್ನು ಒತ್ತಿ ಮುಚ್ಚುತ್ತಾಳೆ, ಮಗನಿಗೆ ಕಾಣಬಾರದು ಎಂದು. ಅಷ್ಟೇ ಹಾಡು. ಅದರಲ್ಲಿ ಜನ ಇರಲಿಲ್ಲ, ಅಧಿಕಾರ ಇರಲಿಲ್ಲ, ಏಳಿ ಎದ್ದೇಳಿ ಇರಲಿಲ್ಲ. ಕೊನೆಯ ತೂತು ಮುಚ್ಚುವ ಹೊತ್ತಿಗೆ ಅವನ ದನಿ ಎಷ್ಟು ಸಣ್ಣದಾಯಿತೆಂದರೆ, ನೊಯೆಮಿ ಮಿಷನ್ನಿನಿಂದ ಕಾಲು ತೆಗೆದು ಮುಂದಕ್ಕೆ ಬಾಗಬೇಕಾಯಿತು.

ಹಾಡು ಮುಗಿಯಿತು. ಅಮಾದೊರ್ ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಹಾಡು" ಅಂದಳು. ಅವನು ಹಾಡಿದ. "ಇನ್ನೊಂದೇ ಒಂದ್ಸಲ" ಅಂದಳು. ಮತ್ತೆ ಹಾಡಿದ.

ಮೂರನೆಯ ಸಲ ಅವಳು ಹಾಡು ಕೇಳುತ್ತಿರಲಿಲ್ಲ. ಬೀಳುತ್ತೆ ಅಂದರೆ ಸಾಕು, ಮುಂದಿನ ಮಂಗಳವಾರ ಇವನು ಬರುತ್ತಾನೆ. ಅದರ ಮುಂದಿನ ಮಂಗಳವಾರವೂ ಬರುತ್ತಾನೆ. ಇವನು ಇದನ್ನು ಹರಿದುಹಾಕಿ ಇನ್ನೊಂದು ಬರೆಯುತ್ತಾನೆ, ಅವಳ ಕಿವಿಯನ್ನು ಅಷ್ಟು ನಂಬುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹಾಡು ಹೋದರೆ ಲೋಕ ಮುಳುಗುತ್ತದೆಯೇ? ಲೋಕಕ್ಕೆ ಹಾಡುಗಳು ಬೇಕಾದಷ್ಟಿವೆ, ಅವಳಿಗೆ ಇರುವವನು ಇವನೊಬ್ಬ. ಆದರೆ ಆ ಹೆಂಗಸಿನ ಹೆಬ್ಬೆರಳು ಕಣ್ಣ ಮುಂದಿನಿಂದ ಸರಿಯಲೊಲ್ಲದು.

"ಹೇಳೇ" ಅಂದ ಅಮಾದೊರ್. "ಬೀಳುತ್ತಾ?"

"ನಿಲ್ಲುತ್ತೆ" ಅಂದಳು ನೊಯೆಮಿ.

"ನಿಜವಾಗ್ಲೂ?"

"ನಿಲ್ಲುತ್ತೆ ಕಣೋ. ನಾವಿಬ್ರೂ ಹೋದ್ಮೇಲೂ ನಿಲ್ಲುತ್ತೆ. ಇದಕ್ಕೆ ಬಸ್ಸೂ ಬೇಡ."

ಅಮಾದೊರ್ ಗಿಟಾರ್ ಕೆಳಗಿಟ್ಟು, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಹಣೆಗೆ ಮುತ್ತಿಟ್ಟ. ಎಪ್ಪತ್ತು ವರ್ಷದವನು ಪರೀಕ್ಷೆ ಪಾಸಾದ ಹುಡುಗನ ಹಾಗೆ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ. "ಮ್ಯಾನೇಜರಿಗೆ ಫೋನ್ ಮಾಡ್ಬೇಕು, ಟಿಕೆಟ್ ಹೇಳ್ಬೇಕು, ಇಲ್ಲಿ ಸಿಗ್ನಲ್ ಬರಲ್ಲ, ಕೆಳಗೆ ಹೋಗಿ ಬಂದೆ ಇರು, ಎರಡೇ ನಿಮಿಷ" ಅನ್ನುತ್ತ ಗಿಟಾರನ್ನೂ ಹೆಗಲಿಗೇರಿಸಿಕೊಂಡು ಹೊರಟ. ಗಿಟಾರ್ ಯಾಕೆ ತೆಗೆದುಕೊಂಡು ಹೋಗುತ್ತೀಯ ಎಂದು ಅವಳು ಕೇಳಲಿಲ್ಲ.

ನೊಯೆಮಿ ಕಿಟಕಿಗೆ ಬಂದಳು. ಅಮಾದೊರ್ ಫೋನನ್ನು ಕಿವಿಗಿಟ್ಟುಕೊಂಡು, ಕೈ ಬೀಸಿ ಬೀಸಿ ಮಾತಾಡುತ್ತ ಮೆಟ್ಟಿಲಿಳಿಯುತ್ತಿದ್ದ. ಒಂದು ಸಲವೂ ತಿರುಗಿ ನೋಡಲಿಲ್ಲ. ಅವನ ಮೇಲೆ ಸಿಟ್ಟು ಬರಲಿ ಎಂದು ಅವಳು ಕಾದಳು, ಸಿಟ್ಟು ಬರಲಿಲ್ಲ. ಹಾಡು ಅಷ್ಟು ಒಳ್ಳೆಯದಿತ್ತು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಬಾಯಿಗೆ ಸೆರಗಿಲ್ಲದ ದೇಶದವಳು ಕೈಯಲ್ಲಿದ್ದ ಮಕ್ಕಳ ಲಂಗವನ್ನೇ ಬಾಯಿಗೊತ್ತಿಕೊಂಡು ಅತ್ತಳು.