ಹನ್ನೊಂದನೇ ಕಿಟಕಿಗೆ ಸವಾರಿ

ಗೋದಾಮಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತಾರು. ಮದುವೆಯಾಗಿರಲಿಲ್ಲ, ಆಗಲಿಲ್ಲವಲ್ಲ ಎಂಬ ಕೊರಗೂ ಇರಲಿಲ್ಲ. ತಮ್ಮನ ಮನೆಯಲ್ಲಿ ಇರುತ್ತಿದ್ದಳು. ತಮ್ಮನ ಹೆಂಡತಿಗೂ ಅದೇ ಗೋದಾಮಿನಲ್ಲಿ, ಪಕ್ಕದ ಕಿಟಕಿಯಲ್ಲೇ ಕೆಲಸ.

ಆ ಕಿಟಕಿಗಳಿದ್ದ ತಂತಿಬೇಲಿಯ ಆಚೆಗೆ ಮನುಷ್ಯರು ಕಾಲಿಡುವಂತಿರಲಿಲ್ಲ. ಅಲ್ಲಿ ಮುನ್ನೂರು ರೋಬೋಗಳು ಓಡಾಡುತ್ತಿದ್ದವು. ಚಪ್ಪಟೆ, ಗಿಡ್ಡ, ಸದ್ದಿಲ್ಲದ ಗಾಡಿಗಳು. ಎಲ್ಲರ ಬಾಯಲ್ಲೂ ಅವಕ್ಕೆ ಆಮೆ ಎಂದೇ ಹೆಸರು. ಆಮೆಯೊಂದು ಎತ್ತರದ ಕಪಾಟಿನ ಕೆಳಗೆ ನುಸುಳಿ, ಅದನ್ನು ಬೆನ್ನ ಮೇಲೆ ಎತ್ತಿಕೊಂಡು ದೊಡ್ಡಕ್ಕನ ಕಿಟಕಿಗೆ ಬರುತ್ತಿತ್ತು. ಅವಳು ಗೂಡುಗಳಿಗೆ ಸಾಮಾನು ತುಂಬಿ ಹಸಿರು ಗುಂಡಿ ಒತ್ತಿದರೆ ಕಪಾಟು ಕತ್ತಲೊಳಕ್ಕೆ ಹೊರಟುಹೋಗುತ್ತಿತ್ತು. ಕಟ್ಟಡದ ಇನ್ನೊಂದು ತುದಿಯಲ್ಲಿ ಬೇರೆ ಕಿಟಕಿಗಳು. ಅಲ್ಲಿನವರು ಗೂಡಿನಿಂದ ಸಾಮಾನು ತೆಗೆದು ಪೆಟ್ಟಿಗೆ ಕಟ್ಟುವವರು. ಆ ತುದಿಗೆ ಬೇರೆ ಗೇಟು, ಬೇರೆ ಬಸ್ಸು. ದೊಡ್ಡಕ್ಕ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಈಚೆಯವರು ಆಚೆಯವರ ಮುಖ ಕಂಡದ್ದೇ ಇಲ್ಲ.

ಮುಖ ಕಾಣದಿದ್ದರೇನು, ಜಗಳಕ್ಕೆ ಅಡ್ಡಿಯಾಗಲಿಲ್ಲ. ಒಂದೂವರೆ ವರ್ಷದ ಹಿಂದೆ ಒಂದು ಕಪಾಟಿಗೆ ಅಂಟಿಕೊಂಡು ಹಳದಿ ಚೀಟಿಯೊಂದು ಬಂತು: "ಗಾಜಿನ ಲೋಟದ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಮಹಾನುಭಾವರು ಯಾರು? - ಕಿಟಕಿ ೧೧." ದೊಡ್ಡಕ್ಕ ಅದರ ಹಿಂದೆಯೇ ಬರೆದಳು: "ಇಟ್ಟವಳು ನಾನು. ಲೋಟ ಒಡೆದಿಲ್ಲ ತಾನೇ? ಮಹಾನುಭಾವರು ಕೈಗೆ ಸ್ವಲ್ಪ ನಯ ಕಲಿಸಬೇಕು." ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಯಾರ ಕಿಟಕಿಗೆ ಚೀಟಿ ಬಂದರೂ "ದೊಡ್ಡಕ್ಕಾ, ನಿನ್ನ ಟಪಾಲು!" ಎಂದು ಕೂಗುತ್ತಿದ್ದರು. ಅವಳು ಮನೆಯಲ್ಲಿ ಅಡಿಗೆಕಟ್ಟೆಯ ಮೇಲೆ ಕೂತು ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ಬರೆದದ್ದನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನು ತಮ್ಮನ ಹೆಂಡತಿ ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಒಂದು ಸ್ಟೀಲ್ ಮುಚ್ಚಳ ದೊಡ್ಡಕ್ಕನ ಕೈಜಾರಿ ಕಪಾಟಿನ ಕೆಳಗಿನ ಗೂಡಿನೊಳಗೆ ಉರುಳಿತು. ದಿಂಬು ತುಂಬುವ ಗೂಡು ಅದು, ಒಂದು ಮಂಚದಷ್ಟು ಅಗಲ; ಒಳಗೆ ಒಂದೆರಡು ದಿಂಬು ಮಾತ್ರ ಉಳಿದಿದ್ದವು. ಅವಳು ಮಂಡಿಯೂರಿ ಒಳಗೆ ಹೊಕ್ಕಳು. ಮುಚ್ಚಳವೇನೋ ಸಿಕ್ಕಿತು. ಆದರೆ ಹೊರಕ್ಕೆ ತಿರುಗಲೆಂದು ಕಾಲು ಒಳಗೆ ಎಳೆದುಕೊಳ್ಳುವಾಗ ಹಿಮ್ಮಡಿ ಹಸಿರು ಗುಂಡಿಗೆ ತಾಗಿತು.

ಕಪಾಟು ಮೇಲೆದ್ದಿತು.

"ಅತ್ತಿಗೇ!" ಎಂದು ತಮ್ಮನ ಹೆಂಡತಿ ಕಿರುಚಿ ಕೆಂಪು ಗುಂಡಿ ಗುದ್ದಿದಳು. ನಿಂತದ್ದು ಅವಳ ಕಿಟಕಿಗೆ ಬಂದಿದ್ದ ಆಮೆ ಮಾತ್ರ. ದೊಡ್ಡಕ್ಕ ಆಗಲೇ ಬೇಲಿ ದಾಟಿದ್ದಳು. ಬೇಲಿಯ ಕಾವಲು ಕಣ್ಣು ನೋಡುವುದು ನೆಲದ ಮೇಲಿನ ಕಾಲುಗಳನ್ನು. ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಮೊದಲು ಅವಳು ಕಣ್ಣು ಮುಚ್ಚಿ ಗೂಡಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಕಣ್ಣು ಬಿಟ್ಟಳು. ಕತ್ತಲಲ್ಲಿ ನೂರಾರು ಪುಟ್ಟ ನೀಲಿ ದೀಪಗಳು ಜಾರಿಕೊಂಡು ಹೋಗುತ್ತಿದ್ದವು. ಅಡ್ಡರಸ್ತೆ ಬಂದಲ್ಲೆಲ್ಲ ಆಮೆಗಳು ನಿಂತು ಒಂದಕ್ಕೊಂದು ದಾರಿ ಬಿಡುತ್ತಿದ್ದವು, ಊಟದ ಮನೆಯ ಬಾಗಿಲಲ್ಲಿ ನೀವು ಮೊದಲು, ನೀವು ಮೊದಲು ಅನ್ನುವ ಬೀಗರ ಹಾಗೆ. ಅವಳ ಆಮೆ ನಿಂತಲ್ಲೇ ಗಿರ್ರನೆ ತಿರುಗಿ ಇನ್ನೊಂದು ಓಣಿ ಹಿಡಿಯಿತು. ಹೊಟ್ಟೆಯೊಳಗೆ ಕಚಗುಳಿಯಿಟ್ಟಂತಾಗಿ ದೊಡ್ಡಕ್ಕ ನಕ್ಕಳು. ಮತ್ತೆ ತಿರುಗಿತು, ಮತ್ತೆ ನಕ್ಕಳು. ಒಂಬತ್ತು ವರ್ಷ ತಾನೇ ತುಂಬಿ ಕಳಿಸಿದ ಕಪಾಟುಗಳು ಎರಡೂ ಕಡೆ ಸಾಲುಸಾಲಾಗಿ ಹಿಂದೆ ಸರಿಯುತ್ತಿದ್ದವು. ಬಲ್ಲ ಕಪಾಟುಗಳಿಗೆ ಅವಳು ಕೈಬೀಸಿದಳು.

ಬೆಳಕು ಬಂದು ಆಮೆ ನಿಂತಿತು. ಮೂರನೇ ಕಿಟಕಿ. ಪೆಟ್ಟಿಗೆ ಕಟ್ಟುವ ಹುಡುಗಿಯೊಬ್ಬಳು ಚೆಂಡು ತೆಗೆಯಲು ಬಗ್ಗಿದವಳು ಚೀರಿ ಎರಡು ಹೆಜ್ಜೆ ಹಿಂದೆ ಹಾರಿದಳು.

"ಹೆದರಬೇಡಮ್ಮಾ, ನಾನು ಈ ಸಾಮಾನು ತುಂಬೋಳು. ಹನ್ನೊಂದನೇ ಕಿಟಕಿ ಎಲ್ಲಿ ಬರುತ್ತೆ?"

"ಅಯ್ಯೋ, ಮೊದಲು ಇಳೀರಿ ನೀವು!"

"ಇದು ಮುಂದೆ ಎಲ್ಲಿಗೆ ಹೋಗುತ್ತೆ, ನೋಡಿ ಹೇಳು."

ಹುಡುಗಿ ಕಂಪ್ಯೂಟರ್ ಪರದೆ ನೋಡಿದಳು. "ಹನ್ನೊಂದಕ್ಕೇ... ಒಂದು ದಿಂಬು ಬೇಕಂತೆ."

ಇಳಿಯಬಹುದಿತ್ತು. ಇಳಿದು, ತಪ್ಪಾಯಿತು ಎಂದು ಹೇಳಿ, ಸುತ್ತುಹಾದಿಯಲ್ಲಿ ತನ್ನ ಜಾಗಕ್ಕೆ ವಾಪಸು ಹೋಗಬಹುದಿತ್ತು. ದೊಡ್ಡಕ್ಕ ದಿಂಬನ್ನು ಬೆನ್ನಿಗೆ ಒರಗಿಸಿಕೊಂಡು ಕಾಲು ಮಡಿಸಿ ಕೂತಳು. "ಗುಂಡಿ ಒತ್ತು," ಎಂದಳು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಒತ್ತಿದಳು.

ಹನ್ನೊಂದನೇ ಕಿಟಕಿಯಲ್ಲಿ ದುಂಡುಮುಖದ, ನರೆತ ಮೀಸೆಯ ಗಂಡಸೊಬ್ಬ ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಜೇಬೆಲ್ಲ ತಡವಿ ಅದನ್ನು ಹುಡುಕುತ್ತಿದ್ದ. ಚೀಟಿ ಬರೆಯುವವನು ಕೋಲುಮುಖದ, ಸಿಡುಕು ಮೋರೆಯ ಮನುಷ್ಯ ಎಂದುಕೊಂಡಿದ್ದಳು ದೊಡ್ಡಕ್ಕ. ಅವನು ಕನ್ನಡಕದ ಆಸೆ ಬಿಟ್ಟು, ಮಸುಕುಗಣ್ಣಲ್ಲೇ ಗೂಡಿಗೆ ಕೈಹಾಕಿದ.

"ನೋಡಿ, ದಿಂಬಿನ ಗೂಡಲ್ಲಿ ಚಪ್ಪಲಿ ತುಂಬಿದ್ದಾರೆ ಪುಣ್ಯಾತ್ಗಿತ್ತಿ," ಎಂದು ಗೊಣಗುತ್ತ ಎಳೆದ. ಬರಲಿಲ್ಲ.

"ಅದರೊಳಗೆ ಕಾಲಿದೆ, ಮಹಾನುಭಾವರೇ!"

ಅವನ ಕೈ ಅಲ್ಲೇ ನಿಂತಿತು. ತಲೆ ಬಗ್ಗಿಸಿದ್ದಕ್ಕೆ ಕನ್ನಡಕ ತಾನಾಗಿ ಜಾರಿ ಮೂಗಿನ ಮೇಲೆ ಕೂತಿತು. ಅವನು ದೊಡ್ಡಕ್ಕನನ್ನು ನೋಡಿದ. "ಇಸ್ತ್ರಿಪೆಟ್ಟಿಗೆ?" ಎಂದ.

"ಹೌದು. ಇಸ್ತ್ರಿಪೆಟ್ಟಿಗೆ."

"ಆ ಲೋಟದ ಹಿಡಿ ಬಿರುಕು ಬಿಟ್ಟಿತ್ತು. ಬರೆದ್ರೆ ನಿಮಗೆ ಬೇಜಾರಾಗುತ್ತೆ ಅಂತ ಬರೀಲಿಲ್ಲ."

"ಲೋಟಕ್ಕೆ ಎಲ್ಲಿ ಹಿಡಿ ಇರುತ್ತೇರೀ? ಅದು ಜಗ್ಗು!"

"ಚೀಟೀಲಿ ಲೋಟ ಅಂತ ಒಪ್ಪಿಕೊಂಡಿದ್ರಲ್ಲ!"

ಅಲ್ಲಿಗೆ ಹತ್ತಿಕೊಂಡಿತು. ಒಂದೂವರೆ ವರ್ಷದ ಬಾಕಿಯನ್ನೆಲ್ಲ ಇಬ್ಬರೂ ಎದುರೆದುರೇ ತೀರಿಸತೊಡಗಿದರು, ಅವಳು ಗೂಡಿನೊಳಗೆ ಕೂತೇ, ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ. ಕಪಾಟಿನ ಹಿಂದೆ ಆಮೆಗಳು ಒಂದು, ಐದು, ಹದಿನೇಳು ಸಾಲುಗಟ್ಟಿದವು. ನೆತ್ತಿಯ ಮೇಲೆ ಕೆಂಪು ದೀಪ ಮಿಣುಕಿದ್ದು ಇಬ್ಬರಿಗೂ ಕಾಣಲಿಲ್ಲ. ಸೂಪರ್‌ವೈಸರ್ ಅರ್ಧ ಕಿಲೋಮೀಟರ್ ಓಡಿಬಂದು ಏದುಸಿರು ಬಿಡುತ್ತ ನಿಂತಾಗಲೂ ದೊಡ್ಡಕ್ಕ, "ಸ್ವಲ್ಪ ತಡೀರಿ, ಮಾತು ಮುಗೀಲಿ," ಎಂದಳು.

ಮಾತು ಮುಗಿಯುವ ಲಕ್ಷಣ ಕಾಣದೆ ಅವಳನ್ನು ಇಳಿಸಿದರು. ವಿಚಾರಣೆಯಾಯಿತು. ಸವಾರಿ ಮಾಡಿದ್ದಕ್ಕೆ ಅವಳಿಗೆ, ಹನ್ನೊಂದು ನಿಮಿಷ ಯಾರಿಗೂ ತಿಳಿಸದೆ ಹರಟಿದ್ದಕ್ಕೆ ಅವನಿಗೆ, ಇಬ್ಬರಿಗೂ ಮೂರು ದಿನ ಸುರಕ್ಷತೆಯ ಪಾಠ ಎಂದು ತೀರ್ಮಾನವಾಯಿತು. ವಿದ್ಯಾರ್ಥಿಗಳು ಅವರಿಬ್ಬರೇ. ಬೆಂಚು ಒಂದೇ. ಪಾಠ ಹೇಳುವ ಮೇಡಂ ಗೋಡೆಯ ಮೇಲೆ ಚಿತ್ರ ತೋರಿಸಿ, "ಈ ಕೆಲಸಗಾರ ಮಾಡಿದ ತಪ್ಪೇನು?" ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ತಪ್ಪು ಹುಡುಕಿ ವಾದಕ್ಕೆ ನಿಲ್ಲುತ್ತಿದ್ದರು. ಮೂರನೆಯ ದಿನ ಸಂಜೆ ಮೇಡಂ ಸುಸ್ತಾಗಿ, "ಕೊನೆಯದಾಗಿ ಏನಾದ್ರೂ ಪ್ರಶ್ನೆ ಇದೆಯಾ?" ಎಂದರು.

ಅವನು ಕೈಯೆತ್ತಿದ. "ಇದೆ. ನಿಮಗಲ್ಲ, ಇವರಿಗೆ. ಭಾನುವಾರ ನೀವು ಏನ್ಮಾಡ್ತೀರಿ?"

ದೊಡ್ಡಕ್ಕ ಗೋಡೆಯ ಮೇಲಿನ ಚಿತ್ರದಲ್ಲಿ ಇನ್ನೊಂದು ತಪ್ಪು ಹುಡುಕತೊಡಗಿದಳು. ಮೇಡಂ ಪುಸ್ತಕ ಮುಚ್ಚಿ, "ಇವರು ಬಿಡುವಾಗಿದ್ದಾರೆ ಅಂತ ಬರ್ಕೊಳ್ಳಿ," ಎಂದರು.

ಅಂದು ಬಸ್ಸಿನಲ್ಲಿ ಅವಳಿಗೆ ಸುಮ್ಮಸುಮ್ಮನೆ ನಗು. ಅವಳನ್ನು ನೋಡಿ ತಮ್ಮನ ಹೆಂಡತಿಗೂ ನಗು, ನಕ್ಕೂ ನಕ್ಕೂ ಬಿಕ್ಕಳಿಕೆ. ಇಳಿಯಬೇಕಾದ ನಿಲ್ದಾಣ ದಾಟಿಹೋಗಿ ಇಬ್ಬರೂ ಎರಡು ನಿಲ್ದಾಣದಷ್ಟು ದೂರ ಹಿಂದಕ್ಕೆ ನಡೆದರು. ಬಾಗಿಲು ತೆಗೆದ ತಮ್ಮ ಇಬ್ಬರ ಕೆಂಪೇರಿದ ಮುಖ ನೋಡಿ ಗಾಬರಿಯಾದ. ಹೆಂಡತಿ ಬಿಕ್ಕಳಿಸುತ್ತಲೇ ಅಷ್ಟೂ ಹೇಳಿದಳು.

"ಅಲ್ಲಕ್ಕಾ," ಎಂದ ತಮ್ಮ ಗಂಭೀರವಾಗಿ, "ಮನುಷ್ಯ ಹೇಗೆ?"

"ಒಂದು ಮಾತಿಗೂ ಹೂಂ ಅನ್ನಲ್ಲ ಕಣೋ!" ಎಂದು ದೊಡ್ಡಕ್ಕ ಚಪ್ಪಲಿಯನ್ನು ಮೂಲೆಗೆ ಹಾರಿಸಿ, ತಮ್ಮನ ಎರಡೂ ಕೈ ಹಿಡಿದು ನಡುಮನೆಯಲ್ಲಿ ಗಿರ್ರನೆ ಒಂದು ಸುತ್ತು ತಿರುಗಿಸಿಬಿಟ್ಟಳು.