ನಡುವೆ ನಿಲ್ಲದ ದನಿ

ನನ್ನ ಅಂಗಡಿಗೆ ಹೆಸರಿನ ಹಲಗೆ ಇದೆ, ಆದರೆ ಯಾರೂ ಓದುವುದಿಲ್ಲ. ಬೀದಿಯವರಿಗೆಲ್ಲ ಅದು ಕಿವಿ ಮೇಸ್ತ್ರಿ ಅಂಗಡಿ. ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಏನೇ ಬರಲಿ, ನಾನು ಮೊದಲೇ ಬಿಚ್ಚುವವನಲ್ಲ. ಕರೆಂಟು ಕೊಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತೇನೆ. ಬೇರಿಂಗು ಸವೆದಿದ್ದರೆ ಒಂದು ಥರ ಗೊಣಗುತ್ತದೆ, ಬುಷ್ ಸಡಿಲವಾಗಿದ್ದರೆ ಇನ್ನೊಂದು ಥರ. ಮೂವತ್ತೆಂಟು ವರ್ಷದಿಂದ ನನ್ನ ಕೈಗಿಂತ ಕಿವಿಯೇ ಹೆಚ್ಚು ದುಡಿದಿದೆ. ಆ ಕಿವಿಯ ಮೇಲೆ ನನಗೇ ಅನುಮಾನ ಹುಟ್ಟಿಸಿದ್ದು ಒಂದು ಜೊತೆ ಹಳೆಯ ಹಾರ್ನ್ ಸ್ಪೀಕರುಗಳು.

ಅವು ಸಿಕ್ಕಿದ್ದು ಪ್ರೊಜೆಕ್ಟರ್ ತಾತನ ಮನೆಯಲ್ಲಿ. ತಾತ ಸಿನಿಮಾ ಮಂದಿರದಲ್ಲಿ ಚಿತ್ರ ಓಡಿಸುತ್ತಿದ್ದವರು. ಮಂದಿರ ಮುಚ್ಚಿದಾಗ ಪರದೆಯ ಹಿಂದಿದ್ದ ಸ್ಪೀಕರುಗಳಲ್ಲಿ ಎರಡನ್ನು ಮನೆಗೆ ತಂದಿಟ್ಟುಕೊಂಡಿದ್ದರು. ನಾನು ಫ್ಯಾನ್ ಸರಿಮಾಡಲು ಹೋದಾಗ ಒಂದರ ಮೇಲೆ ಟೀವಿ ಕೂತಿತ್ತು, ಇನ್ನೊಂದರ ಮೇಲೆ ಒಗೆದ ಬಟ್ಟೆ ಗುಡ್ಡೆ ಬಿದ್ದಿತ್ತು. ಕೆಳಗೆ ಬೀರುವಿನಂಥ ಮರದ ಪೆಟ್ಟಿಗೆ, ಅದರೊಳಗೆ ತಟ್ಟೆಯಗಲದ ಕಾಗದದ ಶಂಕು. ಮೇಲೆ ಕಬ್ಬಿಣದ ಅಗಲ ಬಾಯಿಯ ಹಾರ್ನು. ತಮಟೆಯಂಥ ದಪ್ಪ ಸದ್ದು ಪೆಟ್ಟಿಗೆಯಿಂದ, ಮನುಷ್ಯರ ದನಿ ಹಾರ್ನಿನಿಂದ.

"ಏನಪ್ಪಾ, ತೂಕ ನೋಡಿ ಕೊಳ್ತೀಯೋ, ದನಿ ನೋಡಿ ಕೊಳ್ತೀಯೋ?" ಅಂದರು ತಾತ.

"ದನಿ ನೋಡಿ, ತಾತ."

"ಹಾಗಾದ್ರೆ ನಿಜ ಹೇಳಿಬಿಡ್ತೀನಿ. ಒಂದು ಮಾತಾಡುತ್ತೆ. ಇನ್ನೊಂದಕ್ಕೆ ಹೊಟ್ಟೆ ಇದೆ, ಗಂಟಲಿಲ್ಲ."

ಗಂಟಲು ನಾನು ಕೂರಿಸುತ್ತೇನೆ ಅಂದುಕೊಂಡು ಗಾಡಿಗೆ ಹೇರಿಸಿ ಮನೆಗೆ ತಂದೆ. ನನ್ನ ಹೆಂಡತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಕಾಲು ತುಳಿಯುವುದನ್ನು ನಿಲ್ಲಿಸಿ ನೋಡಿದಳು.

"ಇದೇನ್ರೀ, ಎರಡು ಬೀರು?"

"ಸ್ಪೀಕರು ಕಣೇ."

"ಬಾಗಿಲಲ್ಲಿ ಹಿಡಿಸೋಲ್ಲ."

"ಕದ ಬಿಚ್ಚಿಟ್ಟರೆ ಹಿಡಿಸುತ್ತೆ."

"ಒಳಗೆ ಜಾಗ ಇಲ್ಲ."

"ಮಾಡಿದರೆ ಆಗುತ್ತೆ."

"ಹಾಗಿದ್ರೆ ಅವು ಒಳಗಿರಲಿ, ನೀವು ಹೊರಗಿರಿ," ಅಂದಳು. ಆದರೂ ತಾನೇ ಎದ್ದು ಬಟ್ಟೆಯ ಗಂಟುಗಳನ್ನು ಸರಿಸಿ ಗೋಡೆಗೆ ಜಾಗ ಮಾಡಿಕೊಟ್ಟಳು.

ಎರಡು ತಿಂಗಳು, ಅಂಗಡಿ ಮುಚ್ಚಿದ ಮೇಲೆ ಸಂಜೆ ಸಂಜೆ ಕೂತು ಕೆಲಸ ಮಾಡಿದೆ. ಪೆಟ್ಟಿಗೆಯೊಳಗಿನ ಜೇಡರ ಬಲೆ, ಇಲಿ ಕಡಿದ ಹತ್ತಿ ತೆಗೆದೆ. ಸೀಳಿದ್ದ ಕಾಗದದ ಶಂಕುವಿಗೆ ತೆಳು ಕಾಗದ ಅಂಟಿಸಿ ತೇಪೆ ಹಾಕಿದೆ. ಒಣಗಿದ್ದ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸವನ್ನು ಬೆಸೆದೆ. ಹೆಂಡತಿ ಪೆಟ್ಟಿಗೆಗಳ ಮುಂಭಾಗಕ್ಕೆ ಹೊದಿಸುವ ಬಟ್ಟೆ ಹೊಲಿದುಕೊಟ್ಟಳು. ಕೊನೆಗೆ ಉಳಿದದ್ದು ಮೂಕ ಹಾರ್ನು. ಅದರ ಹಿಂಭಾಗದಲ್ಲಿ ಮುಷ್ಟಿಗಿಂತ ದಪ್ಪದ ಅಯಸ್ಕಾಂತ, ಅದರೊಳಗೆ ಬೋರಲು ಹಾಕಿದ ಸಣ್ಣ ಬಟ್ಟಲಿನಂಥ ತೆಳು ತಗಡು. ಅದಕ್ಕೆ ಡಯಾಫ್ರಂ ಅನ್ನುತ್ತಾರೆ. ಅದು ನಡುಗಿದರೆ ದನಿ. ಅದಕ್ಕೆ ಸುತ್ತಿದ್ದ ಕೂದಲಿನಷ್ಟು ಸಣ್ಣ ತಂತಿ ಸುಟ್ಟುಹೋಗಿತ್ತು. ಅದನ್ನು ಮಾಡುತ್ತಿದ್ದ ಕಾರ್ಖಾನೆ ಈಗಿಲ್ಲ. ಅದೇ ಅಳತೆಯಲ್ಲಿ ಬೇರೆಯವರು ಮಾಡಿದ ಹೊಸ ಡಯಾಫ್ರಂ ಸಿಕ್ಕಿತು. "ಹಳೇದಕ್ಕಿಂತ ಒಂದು ಕೈ ಮೇಲು" ಅಂದ ಮಾರುವವನು. ಹಳೆಯದರಂತೆ ಅದಕ್ಕೂ ಒಂದು ಕೆಂಪು ಚುಕ್ಕೆ ಇತ್ತು. ಕೆಂಪು ಚುಕ್ಕೆಗೆ ಕೆಂಪು ತಂತಿ, ಇನ್ನೊಂದಕ್ಕೆ ಕಪ್ಪು. ಇದರಲ್ಲಿ ಯೋಚನೆ ಮಾಡುವುದು ಏನಿದೆ ಅಂದುಕೊಂಡೆ.

ಒಬ್ಬಳು ಹಾಡುವವಳು, ಹಿಂದೆ ತಮಟೆ, ಇಷ್ಟೇ ಇರುವ ಒಂದು ಹಳೆಯ ರೆಕಾರ್ಡು ಹಾಕಿದೆ. ಎಡಗಡೆಯದನ್ನು ಮಾತ್ರ ನುಡಿಸಿದೆ. ಮೈ ಜುಮ್ಮೆಂದಿತು. ಉಸಿರು ಎಳೆದುಕೊಂಡದ್ದೂ ಕೇಳಿತು. ಬಲಗಡೆಯದನ್ನು ಮಾತ್ರ ನುಡಿಸಿದೆ. ಅದೂ ಹಾಗೇ. ಗೆದ್ದೆ ಅಂದುಕೊಂಡು ಎರಡನ್ನೂ ಒಟ್ಟಿಗೆ ಹಾಕಿದೆ. ಹಾಡುವವಳು ಮಾಯವಾದಳು.

ದನಿ ಇತ್ತು. ಅವಳಿರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ ನಿಂತು ಹಾಡಬೇಕಾದವಳು ಹೊಗೆಯ ಹಾಗೆ ಕೋಣೆಯ ತುಂಬ ಹರಡಿಹೋಗಿದ್ದಳು. ಒಮ್ಮೆ ಕಿಟಕಿಯ ಹತ್ತಿರ, ಒಮ್ಮೆ ನನ್ನ ಬೆನ್ನ ಹಿಂದೆ, ಒಮ್ಮೆ ನನ್ನ ತಲೆಯೊಳಗೇ.

ಇಂಥದ್ದು ಆಗುವುದು ಉಂಟು. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ. ಹಿಂದಿನ ತಂತಿ ಅದಲುಬದಲಾಗಿರುತ್ತದೆ, ಅಷ್ಟೇ. ಟಾರ್ಚಿನ ಸೆಲ್ ತಗುಲಿಸಿ ನೋಡಿದೆ. ಎರಡೂ ಶಂಕುಗಳು ಒಂದೇ ಕಡೆಗೆ ಜಿಗಿದವು. ಸರಿಯಾಗೇ ಇದೆಯಲ್ಲ! ಆದರೂ ಇರಲಿ ಅಂತ ಬಲಗಡೆ ಪೆಟ್ಟಿಗೆಯ ಹಿಂದಿನ ತಂತಿಗಳನ್ನು ಅದಲುಬದಲು ಮಾಡಿದೆ. ಹಾಡುವವಳು ಬಂದು ನಡುವೆ ನಿಂತಳು. ತಮಟೆ ಸತ್ತೇಹೋಯಿತು, ರಟ್ಟಿನ ಡಬ್ಬ ಬಡಿದ ಹಾಗೆ. ಮತ್ತೆ ಮೊದಲಿನಂತೆ ಮಾಡಿದೆ. ತಮಟೆಗೆ ಜೀವ ಬಂತು, ಅವಳು ಹೋದಳು. ಸೊಟ್ಟಗಾದ ಬೀರುವಿನ ಬಾಗಿಲಿನ ಹಾಗೆ, ಮೇಲೆ ಒತ್ತಿದರೆ ಕೆಳಗೆ ತೆರೆದುಕೊಳ್ಳುತ್ತದೆ, ಕೆಳಗೆ ಒತ್ತಿದರೆ ಮೇಲೆ.

ಹತ್ತು ದಿನ ಇದೇ ಆಟ. ಹೊಸ ಕೆಪಾಸಿಟರನ್ನು ತೆಗೆದು ಇನ್ನೂ ಹೊಸದು ಹಾಕಿದೆ. ದಪ್ಪ ತಂತಿ ಎಳೆದೆ. ಪೆಟ್ಟಿಗೆಗಳನ್ನು ಗೋಡೆಯಿಂದ ಆಚೆ ತಂದೆ, ಮತ್ತೆ ಗೋಡೆಗೆ ತಳ್ಳಿದೆ. ಆಂಪ್ಲಿಫೈಯರನ್ನೇ ಬೇರೆಯವರಿಂದ ಇಸಿದುಕೊಂಡು ಬಂದೆ.

"ನಿನಗೆ ಹೇಗೆ ಕೇಳ್ತಿದೆ, ನಿಜ ಹೇಳು," ಅಂದೆ ಹೆಂಡತಿಗೆ.

"ಜೋರಾಗಿ."

"ಜೋರು ಅಲ್ಲ. ಅವಳು ಎಲ್ಲಿದ್ದಾಳೆ?"

"ಯಾರು?"

"ಹಾಡೋಳು!"

"ನಂಗೆ ಹೇಗ್ರೀ ಗೊತ್ತಿರುತ್ತೆ ಅವಳು ಎಲ್ಲಿದ್ದಾಳೆ ಅಂತ? ನಿಮಗೆ ತಾನೇ ಅವಳ ಚಿಂತೆ," ಅಂದು ದಾರ ಕಚ್ಚಿದಳು.

ಅದೇ ವಾರ ಅಂಗಡಿಯಲ್ಲಿ ಒಂದು ಪಂಪಿಗೆ ಬುಷ್ ಹೋಗಿದೆ ಅಂತ ಹೇಳಿ ಬಿಚ್ಚಿದರೆ ಬೇರಿಂಗು ಹೋಗಿತ್ತು. ಆ ರಾತ್ರಿ ಮತ್ತೆ ಸ್ಪೀಕರುಗಳ ಮುಂದೆ ಕೂತೆ. ಒಂದೊಂದೇ ಕೇಳಿದರೆ ಸರಿ, ಎರಡೂ ಸೇರಿದರೆ ತಪ್ಪು ಅಂದರೆ ದೋಷ ಪೆಟ್ಟಿಗೆಯಲ್ಲಿ ಇಲ್ಲ, ಎರಡು ಕಿವಿಗಳ ನಡುವೆ ಇದೆ ಅನ್ನಿಸಿತು.

ಕಿವಿ ಡಾಕ್ಟರಮ್ಮ ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಒತ್ತಿದೆ. ಕೇಳದೇ ಇದ್ದಾಗಲೂ ಕೇಳಿತೇನೋ ಅಂತ ಒತ್ತಿದೆ. ಹೊರಗೆ ಬಂದಾಗ ಅವರು ಕಾಗದದ ಮೇಲಿನ ಎರಡು ಗೆರೆ ತೋರಿಸಿದರು.

"ಎಡಗಿವಿ ಸ್ವಲ್ಪ ಕೆಳಗಿದೆ. ಸಣ್ಣ ದನಿಗಳು ಕಮ್ಮಿ ಕೇಳ್ತವೆ. ವಯಸ್ಸಿಗೆ ಇದು ಮಾಮೂಲಿ. ಏನು ಕೆಲಸ ಮಾಡ್ತೀರಾ?"

"ಕೇಳೋ ಕೆಲಸ," ಅಂದೆ.

ಅವರು ತಲೆಯೆತ್ತಿ ನೋಡಿದರು. ನಾನು ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡೆ.

ನನ್ನ ಅಂಗಡಿಯ ಪಕ್ಕದಲ್ಲಿ ಗಡಿಯಾರದವನದು ಗೂಡಿನಂಥ ಅಂಗಡಿ. ಅವನಿಗೆ ನನ್ನ ಜಾಗದ ಮೇಲೆ ಆರು ವರ್ಷದಿಂದ ಕಣ್ಣು. ಕೆಟ್ಟವನಲ್ಲ, ಕಣ್ಣಿಟ್ಟದ್ದನ್ನು ನನ್ನೆದುರಿಗೇ ಹೇಳುತ್ತಾನೆ. ಆವತ್ತು ಕೂಡ, "ಅಣ್ಣ, ಯಾವಾಗ ಬಿಟ್ಟರೂ ನನಗೇ ಬಿಡಬೇಕು," ಅಂದ. ಪ್ರತಿ ಸಲವೂ "ನಾನು ಹೋದ ಮೇಲೆ ಕಣೋ" ಅಂದು ನಗುತ್ತಿದ್ದವನು, ಆವತ್ತು "ಭಾನುವಾರ ಮನೆಗೆ ಬಾ, ಮಾತಾಡೋಣ" ಅಂದೆ. ಅವನು ಬೆಚ್ಚಿಬಿದ್ದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದುಬಿಟ್ಟ.

ಗುರುವಾರ ಮಧ್ಯಾಹ್ನ ಹೆಂಡತಿಗೆ ವಿಷಯ ಹೇಳಿದೆ. ಕಾಗದ ತೋರಿಸಿದೆ. ಕಿವಿ ಇಲ್ಲದ ಕಿವಿ ಮೇಸ್ತ್ರಿ ಅಂಗಡಿಯಲ್ಲಿ ಕೂತು ಜನರ ಮೋಟಾರು ಹಾಳು ಮಾಡುವುದಕ್ಕಿಂತ ಬಿಟ್ಟುಬಿಡುವುದೇ ಮೇಲು ಅಂದೆ. ಅವಳು ಒಂದು ಶಾಲೆಯ ವೇದಿಕೆಗೆ ಮಖಮಲ್ಲಿನ ತೆರೆ ಹೊಲಿಯುತ್ತಿದ್ದಳು. ಕೋಣೆಯ ತುಂಬ ಕೆಂಪು ಬಟ್ಟೆ. ಮುಖ ಊದಿಸಿಕೊಂಡಿದ್ದಳು, ಆದರೆ ನನ್ನ ಮೇಲಲ್ಲ.

"ಅಂಗಡಿ ವಿಷಯ ಆಮೇಲೆ. ಮೊದಲು ಇದನ್ನ ಹಿಡಿರಿ," ಅಂದು ತೆರೆಯ ಎರಡು ಭಾಗ ನನ್ನ ಎರಡು ಕೈಗೆ ಕೊಟ್ಟಳು. "ಹೇಗಿದೆ?"

"ಒಂದು ಮಂಕು, ಒಂದು ಹೊಳಪು. ಎರಡು ಬೇರೆ ಬೇರೆ ಥಾನಿನವು."

"ಒಂದೇ ಥಾನು. ಮಖಮಲ್ಲಿಗೆ ರೋಮ ಇರುತ್ತೆ, ಒಂದೇ ಕಡೆಗೆ ಮಲಗಿರುತ್ತೆ. ನಾನು ಮಾತಾಡ್ತಾ ಮಾತಾಡ್ತಾ ಒಂದನ್ನ ತಲೆಕೆಳಗಾಗಿ ಕತ್ತರಿಸಿಬಿಟ್ಟೆ. ಬೇರೆ ಬೇರೆ ನೋಡಿದ್ರೆ ಬ್ರಹ್ಮನಿಗೂ ತಪ್ಪು ಸಿಗೋಲ್ಲ. ಪಕ್ಕ ಪಕ್ಕ ಹಿಡಿದ್ರೆ ಎರಡು ಬಣ್ಣ."

"ಅದಕ್ಕೇನು, ಒಂದನ್ನ ತಿರುಗಿಸಿ ತಲೆ ಕೆಳಗೆ ಮಾಡಿ ನೇತು ಹಾಕು."

"ಬುದ್ಧಿವಂತರು ನೀವು! ಕೆಳಗಿನ ಅಂಚಿಗೆ ಜರಿ ಪಟ್ಟಿ ಹೊಲಿದಾಗಿದೆ. ತಿರುಗಿಸಿದ್ರೆ ಬಣ್ಣ ಕೂಡುತ್ತೆ, ಪಟ್ಟಿ ಮೇಲಕ್ಕೆ ಹೋಗುತ್ತೆ. ಪಟ್ಟಿ ಕೆಳಗೆ ಇಟ್ಟರೆ ಬಣ್ಣ ಕೂಡೋಲ್ಲ. ಪೂರ್ತಿ ತಿರುಗಿಸಿ ಏನು ಪ್ರಯೋಜನ? ಪಟ್ಟಿ ಮಾತ್ರ ಬಿಚ್ಚಿ..."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಎರಡು ಕೈಯಲ್ಲಿ ತೆರೆ ಹಿಡಿದು ಹಾಗೇ ನಿಂತಿದ್ದೆ. ತಿರುಗಿಸಿದರೆ ಬಣ್ಣ ಕೂಡುತ್ತದೆ, ಪಟ್ಟಿ ಕೆಡುತ್ತದೆ. ತಿರುಗಿಸದಿದ್ದರೆ ಪಟ್ಟಿ ಸರಿ, ಬಣ್ಣ ಕೆಡುತ್ತದೆ. ಹತ್ತು ದಿನ ನಾನು ಪೂರ್ತಿ ತೆರೆಯನ್ನೇ ತಿರುಗಿಸುತ್ತಿದ್ದೆನಲ್ಲ! ಪೆಟ್ಟಿಗೆಯ ಹಿಂದಿನ ತಂತಿ ಬದಲಿಸಿದರೆ ಶಂಕು, ಹಾರ್ನು ಎರಡೂ ಒಟ್ಟಿಗೇ ತಿರುಗುತ್ತವೆ. ಸೆಲ್ ಇಟ್ಟು ನೋಡಿದ್ದು ಕಣ್ಣಿಗೆ ಕಾಣುವ ಶಂಕುಗಳನ್ನು ಮಾತ್ರ. ಹಾರ್ನಿನ ಒಳಗಿರುವುದು ಯಾವ ಕಡೆಗೆ ಜಿಗಿಯುತ್ತದೆ ಅಂತ ನೋಡಿದವರು ಯಾರು?

"ನಿನ್ನ ಬೆರಳು ಬೇಕು," ಅಂದೆ.

"ಯಾಕೆ, ಉಂಗುರ ತಂದಿದ್ದೀರಾ?"

"ನನ್ನ ಬೆರಳು ಒರಟು. ಬಾ ಇಲ್ಲಿ."

ಎರಡು ಹಾರ್ನುಗಳ ಹಿಂದಿನ ಮುಚ್ಚಳವನ್ನೂ ಬಿಚ್ಚಿದೆ. ಮಲಗಿದ ಕೂಸಿನ ಕಣ್ಣುರೆಪ್ಪೆ ಮುಟ್ಟುವಷ್ಟು ಹಗುರವಾಗಿ ತಗಡಿನ ಮೇಲೆ ಬೆರಳ ತುದಿ ಇಡು ಅಂದೆ. ಹಳೆಯದಕ್ಕೆ ಸೆಲ್ ತಗುಲಿಸಿದೆ.

"ಒಳಗೆ ಜಾರಿತು," ಅಂದಳು.

ಹೊಸದಕ್ಕೆ ತಗುಲಿಸಿದೆ. ಅದೇ ಸೆಲ್, ಅದೇ ಕೆಂಪು ಚುಕ್ಕೆಗೆ ಅದೇ ತುದಿ.

"ಇದು ಬೆರಳನ್ನ ತಳ್ತು ಕಣ್ರೀ."

"ಸರಿಯಾಗಿ ಹೇಳು."

"ಇನ್ನೊಂದು ಸಲ ಹಾಕಿ. ಹೂಂ, ತಳ್ತು. ಮುಂಗೋಪಿ ಇದು."

ಹಳೆಯ ಕಾರ್ಖಾನೆಯವರು ಕೆಂಪು ಚುಕ್ಕೆಯನ್ನು ತಂತಿಯ ಒಂದು ಕೊನೆಗೆ ಇಡುತ್ತಿದ್ದರು, ಹೊಸಬರು ಇನ್ನೊಂದು ಕೊನೆಗೆ. ಇಬ್ಬರೂ ಅವರವರ ಮಟ್ಟಿಗೆ ಸರಿ. ಎರಡನ್ನೂ ಒಂದೇ ಅಂದುಕೊಂಡು ಕೆಂಪಿಗೆ ಕೆಂಪು ಬೆಸೆದವನು ನಾನು. ಹೊಸ ಹಾರ್ನಿನ ಎರಡು ತಂತಿಗಳನ್ನು ಮಾತ್ರ ಬಿಡಿಸಿ ಅದಲುಬದಲು ಮಾಡಿದೆ. ಐದು ನಿಮಿಷದ ಕೆಲಸ.

ರೆಕಾರ್ಡು ಹಾಕಿದೆ. ತಮಟೆ ನೆಲವನ್ನು ಅದುರಿಸಿತು. ಹಾಡುವವಳು ಹೊಗೆಯಿಂದ ಮೈದುಂಬಿಕೊಂಡು ಬಂದು ನಿಂತಳು. ಕಣ್ಣಲ್ಲಿ ನೀರು ಬಂತು ಅಂದರೆ ನಾಚಿಕೆಯಿಲ್ಲ. ಆದರೆ ಅವಳು ನಿಂತದ್ದು ನಡುವೆ ಅಲ್ಲ.

"ಎಲ್ಲಿದ್ದಾಳೆ?" ಅಂದೆ.

ಈ ಸಲ ಹೆಂಡತಿ ನನ್ನ ಕುರ್ಚಿಯಲ್ಲೇ ಕೂತು, ಕಣ್ಣು ಮುಚ್ಚಿ, ಗಮನ ಕೊಟ್ಟು ಕೇಳಿದಳು. ಗೋಡೆಯ ಕಡೆ ಬೆರಳು ತೋರಿಸಿದಳು. "ಅಲ್ಲಿ. ಸರಿಯಾಗಿ ನಡುವೆ."

ನಾನು ಕೂತು ಬೆರಳು ತೋರಿಸಿದೆ. ಅವಳು ಅಳತೆಪಟ್ಟಿ ಹಿಡಿಯುವವಳು, ಬಿಡುತ್ತಾಳೆಯೇ? ಎದ್ದು ಹೋಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿ ನಡುವೆ ಕೈ ಚಾಚಿದಳು. "ಒಂದು ಗೇಣು. ನಿಮ್ಮವಳು ಒಂದು ಗೇಣು ಬಲಕ್ಕೆ ನಿಂತಿದ್ದಾಳೆ."

ಡಾಕ್ಟರಮ್ಮನೂ ಸುಳ್ಳು ಹೇಳಿರಲಿಲ್ಲ ಹಾಗಾದರೆ. ತಂತಿಯೂ ತಪ್ಪಿತ್ತು, ಕಿವಿಯೂ ತಪ್ಪಿದೆ. ಇದರಲ್ಲಿ ಯಾವುದು ಎಷ್ಟು ಕೆಡಿಸಿತ್ತು, ಪಂಪಿನ ವಿಷಯದಲ್ಲಿ ಸೋತದ್ದು ಕಿವಿಯೋ, ಹತ್ತು ದಿನದ ತಲೆಬಿಸಿಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡೆ. ಹಾಡುವವಳು ನಡುವಿಗೆ ಬಂದಳು. ಮತ್ತೆ ಬಲಕ್ಕೆ ಎಳೆದೆ, ಸರಿದಳು. ಎಡಕ್ಕೆ ಎಳೆದೆ, ಬಂದಳು.

ಭಾನುವಾರ ಗಡಿಯಾರದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೂರಿಸಿ ರೆಕಾರ್ಡು ಹಾಕಿದೆ.

"ಹಾಡೋಳು ಎಲ್ಲಿದ್ದಾಳೆ ಹೇಳು."

ಅವನು ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿದ. "ಇಲ್ಲೇ... ಮುಂದೆ. ನಡುವೆ ಇದ್ದ ಹಾಗಿದೆ."

"ಅಲ್ಲೇ ಕೂತರೆ ನನಗೆ ಒಂದು ಗೇಣು ಆಚೆ ಇರ್ತಾಳೆ."

"ಸರಿ ಅಣ್ಣ... ಅಂಗಡಿ?"

"ಅದೇ ಹೇಳ್ತಿದ್ದೀನಿ. ಒಂದೇ ಗೇಣು, ಕುರ್ಚಿ ಎಳೆದುಕೊಂಡರೆ ಸಾಕು. ಬಿಡೋದಿಲ್ಲ."

ಅವನು ಪೆಟ್ಟಿಗೆಗಳನ್ನು ನೋಡಿದ, ಗೋಡೆಯ ಮೇಲಿನ ಸೀಮೆಸುಣ್ಣದ ಗುರುತು ನೋಡಿದ, ನನ್ನ ಮುಖ ನೋಡಿದ. "ಅತ್ತಿಗೆ," ಅಂದ ಮೆಲ್ಲಗೆ, "ಒಂದು ಗೇಣಿಗೂ ಅಂಗಡಿಗೂ ಏನು ಸಂಬಂಧ?"

ಹೆಂಡತಿ ಜರಿ ಪಟ್ಟಿಯ ಹೊಲಿಗೆ ಬಿಚ್ಚುತ್ತಲೇ ಇದ್ದಳು. "ಅವರಿಗೂ ಪೂರ್ತಿ ತಿಳಿದಿಲ್ಲ ಕಣಪ್ಪ. ಟೀ ಮಾಡ್ತೀನಿ, ಕುಡಿದು ಹೋಗು."